ಎರಡನೆಯ ಈಡು

ಚಿತ್ರದುರ್ಗದ ಕೋಟೆಯೊಳಗಿನ ಗುಂಡಿಯೊಂದರಲ್ಲಿ ನಾಲ್ಕು ದೈತ್ಯ ಬೀಸುಕಲ್ಲುಗಳಿವೆ. ಕೋವಿಗೂ ಫಿರಂಗಿಗೂ ಬೇಕಾದ ಮದ್ದನ್ನು ಅರೆದದ್ದು ಇಲ್ಲೇ ಎಂದು ದುರ್ಗದವರು ಬಂದವರಿಗೆಲ್ಲ ತೋರಿಸುತ್ತಾರೆ. ಆ ಮದ್ದನ್ನು ನಂಬಿ ಕೋವಿ ಹಿಡಿದವನ ಪಾಡು ಸುಲಭದ್ದಾಗಿರಲಿಲ್ಲ. ನಳಿಗೆಯ ಬಾಯಿಗೆ ಅಳತೆ ಮದ್ದು ಸುರಿಯಬೇಕಿತ್ತು. ನಾರಿನ ಉಂಡೆ ತುರುಕಿ, ಗುಂಡು ಇಳಿಬಿಟ್ಟು, ಗಜದಿಂದ ಜಡಿಯಬೇಕಿತ್ತು. ಕೋವಿಯ ಕಿವಿಗೆ ಚಿಟಿಕೆ ಮದ್ದು ಹಾಕಿ, ಕಿಡಿ ಹಾರಿಸುವ ಕುದುರೆ ಏರಿಸಬೇಕಿತ್ತು. ಇಷ್ಟಾದ ಮೇಲೆ ಒಂದೇ ಒಂದು ಈಡು. ಅದು ತಪ್ಪಿದರೆ ಎಲ್ಲವೂ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಅದೇ ಸೀಮೆಯ ಹರಿಯಬ್ಬೆಯ ಹೊಲದ ಬದುವಿನಿಂದ ಬುರ್ರನೆ ಎದ್ದ ಗೌಜಲಹಕ್ಕಿ ಧರ್ಮಪುರದ ಕೆರೆ ದಾಟಿರುತ್ತಿತ್ತು.

ಕೋವಿ ಹುಟ್ಟಿದಂದಿನಿಂದ ಅದನ್ನು ಮಾಡುವವರ ನಿದ್ದೆಗೆಡಿಸಿದ್ದು ಈ ಒಂದೇ ಆಸೆ. ಹೆಗಲಿನಿಂದ ಇಳಿಸದೆ ಎರಡನೆಯ ಈಡು ಹೊಡೆಯುವುದು ಹೇಗೆ?

ಆ ಆಸೆಗೆ ಕನ್ನಡನಾಡಿನಲ್ಲೇ ಒಬ್ಬ ಕುಶಲಿ ಕೈ ಹಾಕಿದ್ದ. ಅವನ ಹೆಸರು ಅಸದ್ ಖಾನ್ ಮುಹಮ್ಮದ್. 1793-94ರಲ್ಲಿ ಟಿಪ್ಪು ಸುಲ್ತಾನನ ಬೇಟೆಗೆಂದು ಅವನು ಸುಮಾರು 138 ಸೆಂಟಿಮೀಟರ್ ಉದ್ದದ ಒಂದು ಚಕಮಕಿ ಕೋವಿ ಮಾಡಿಕೊಟ್ಟ. ಮತ್ತೆ ಬಾರು ತುಂಬದೆ ಎರಡು ಸಲ ಹಾರಿಸಬಹುದಾದ ಅಪರೂಪದ ಯಂತ್ರ ಅದರೊಳಗಿತ್ತು. ಆ ಕೋವಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಕೈ ಸೇರಿ ಕಡಲು ದಾಟಿತು. 2023ರಲ್ಲಿ ಅದರ ಬೆಲೆ 20 ಲಕ್ಷ ಪೌಂಡ್ ಎಂದು ಅಂದಾಜು ಮಾಡಿ, ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಅಷ್ಟು ಜಾಣ ಕೈ ಮಾಡಿದ ಕೋವಿಯಲ್ಲೂ ಎಣಿಕೆ ಎರಡಕ್ಕೇ ನಿಂತಿತ್ತು. ಮೂರನೆಯದಕ್ಕೆ ಮತ್ತದೇ ಮದ್ದು, ಅದೇ ಗಜ.

ಅಸದ್ ಖಾನ್ ಬಿಟ್ಟ ಗಂಟು ಬಿಡಿಸಿಕೊಂಡದ್ದು ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಬೆಟ್ಟಗಳ ಬುಡದ ಒಂದು ಒಣ ಊರಿನಲ್ಲಿ. ಅಮೆರಿಕದ ಯೂಟಾ ಸೀಮೆಯ ಆಗ್ಡೆನ್‌ಗೆ 1852ರಲ್ಲಿ ಜೊನಾಥನ್ ಬ್ರೌನಿಂಗ್ ಎಂಬ ಮಾರ್ಮನ್ ಪಂಥದ ಕೋವಿ ಕಮ್ಮಾರ ಸಂಸಾರ ಸಮೇತ ಬಂದು ನೆಲೆನಿಂತ. ಮೂವರು ಹೆಂಡಿರು, 22 ಮಕ್ಕಳು. ಎರಡನೆಯ ಈಡಿನ ಹುಚ್ಚು ಅವನಿಗೂ ಇತ್ತು. ಯೂಟಾಕ್ಕೆ ಬರುವ ಮೊದಲೇ ಅವನು ಒಂದು ವಿಚಿತ್ರ ಕೋವಿ ಮಾಡಿದ್ದ. ಐದು ಗುಂಡಿ ಕೊರೆದ ಕಬ್ಬಿಣದ ಪಟ್ಟಿಯೊಂದು ನಳಿಗೆಯ ಹಿಂದೆ ಅಡ್ಡಡ್ಡ ಸರಿಯುತ್ತಿತ್ತು. ಒಂದೊಂದು ಗುಂಡಿಯಲ್ಲೂ ಮದ್ದು, ಗುಂಡು ತುಂಬಿಟ್ಟು, ಒಂದು ಹೊಡೆದ ಮೇಲೆ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ ಮುಂದಿನದನ್ನು ನಳಿಗೆಯ ಎದುರಿಗೆ ತರಬೇಕಿತ್ತು. ನೋಡಲು ಒಡ್ಡೊಡ್ಡಾಗಿದ್ದರೂ ಅದು ಕೆಲಸ ಮಾಡುತ್ತಿತ್ತು. ಆದರೆ ಆಗ್ಡೆನ್‌ನಲ್ಲಿ ಹೊಸ ಕೋವಿಗಿಂತ ಮುರಿದ ನೇಗಿಲಿಗೆ ಹೆಚ್ಚು ಗಿರಾಕಿ. ಮುದುಕ ಕನಸನ್ನು ಅಟ್ಟಕ್ಕೇರಿಸಿ ಊರವರ ಸಾಮಾನು ರಿಪೇರಿಗೆ ಕೂತ.

ಆ ರಿಪೇರಿ ಅಂಗಡಿಯ ಗುಜರಿ ರಾಶಿಯೇ ಮಗ ಜಾನ್ ಮೋಸಸ್‌ನ ಆಟದ ಬಯಲಾಯಿತು. ಅವನು ಹುಟ್ಟಿದ್ದು 1855ರ ಜನವರಿ 23ರಂದು. ಹತ್ತು ವರ್ಷದವನಿದ್ದಾಗ, ಅಪ್ಪ ಇಲ್ಲದ ಹೊತ್ತು ನೋಡಿ, ಗುಜರಿಯಿಂದ ಒಂದು ಹಳೆಯ ನಳಿಗೆ ಹೆಕ್ಕಿದ. ಕೊಡಲಿಯಲ್ಲಿ ಕೆತ್ತಿದ ಹಲಗೆಯೊಂದಕ್ಕೆ ಅದನ್ನು ತಂತಿಯಿಂದ ಬಿಗಿದ. ಕಿಡಿ ಹಾರಿಸುವ ಕುದುರೆ ಮಾಡುವುದು ಅವನ ಕೈಲಾಗಲಿಲ್ಲ. ಅದಕ್ಕೆ ಬದಲಾಗಿ ತೂತು ಹೊಡೆದ ಡಬ್ಬಿಯಲ್ಲಿ ಕೆಂಡ ತುಂಬಿ ತಮ್ಮ ಮ್ಯಾಟ್‌ನ ಕೈಗೆ ಕೊಟ್ಟ. ಮ್ಯಾಟ್‌ಗೆ ಆಗ ಆರು ವರ್ಷವೂ ತುಂಬಿರಲಿಲ್ಲ. ಅಣ್ಣ ಗುರಿ ಹಿಡಿಯಬೇಕು, ತಮ್ಮ ಉರಿಯುವ ಕಡ್ಡಿಯನ್ನು ಮದ್ದಿಗೆ ಮುಟ್ಟಿಸಬೇಕು, ಇದು ಒಪ್ಪಂದ. ಇಬ್ಬರೂ ಬಯಲಿಗೆ ಹೋದರು. ಕೆಂಡದ ಡಬ್ಬಿ ಆರದಂತೆ ತಮ್ಮ ಅದನ್ನು ಬೀಸುತ್ತ ನಡೆದ. ಬಯಲುಕೋಳಿಗಳ ಗುಂಪೊಂದು ಮಣ್ಣಲ್ಲಿ ಹೊರಳುತ್ತಿತ್ತು. ಅಣ್ಣ ಸನ್ನೆ ಮಾಡಿದ, ತಮ್ಮ ಕಡ್ಡಿ ಮುಟ್ಟಿಸಿದ. ಕೋವಿ ಒದ್ದ ರಭಸಕ್ಕೆ ಜಾನ್ ಬೆನ್ನಡಿಯಾಗಿ ಬಿದ್ದ. ಹೊಗೆ ತಿಳಿಯಾದಾಗ ಹಕ್ಕಿಗಳೂ ಬಿದ್ದಿದ್ದವು.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಯಲುಕೋಳಿ ಬಂತು. ಗುಟ್ಟು ಅಡುಗೆಮನೆಯಲ್ಲೇ ರಟ್ಟಾಯಿತು. ಅಪ್ಪ ಆ ತಂತಿ ಸುತ್ತಿದ ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಬೈಯಲಿಲ್ಲ. ಹತ್ತು ವರ್ಷದವನಾದೆ, ಇದಕ್ಕಿಂತ ಒಳ್ಳೆಯದನ್ನು ಮಾಡಲಾಗಲಿಲ್ಲವೇ ಎಂದಷ್ಟೇ ಕೇಳಿದ ಎಂದು ಆ ಮನೆತನದವರು ಮುಂದೆ ಹೇಳಿಕೊಂಡು ಬಂದರು. ಹೊಡೆತಕ್ಕಿಂತ ಆ ಮಾತು ಆಳಕ್ಕೆ ಇಳಿಯಿತು. ಜಾನ್ ಕೋವಿಯನ್ನು ಬಿಚ್ಚಿ, ಕೆತ್ತಿದ ಹಲಗೆಯನ್ನು ಒಲೆಗೆ ಹಾಕಿದ.

ಹದಿಮೂರು ವರ್ಷ ಕಳೆಯಿತು. ಆಗ್ಡೆನ್‌ನ ಬೇಟೆಗಾರರು ಕೆಟ್ಟ ಕೋವಿಗಳನ್ನು ತರುತ್ತಿದ್ದರು, ಜಾನ್ ಸರಿಮಾಡಿ ಕೊಡುತ್ತಿದ್ದ. ಒಂದು ದಿನ ರಿಪೇರಿಗೆ ಬಂದ ರೈಫಲಿನ ಒಳಗನ್ನು ನೋಡಿ, ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡಬಲ್ಲೆ ಎಂದು ಬೇಸರದಿಂದ ಗೊಣಗಿದ. ಮಾಡು ಮತ್ತೆ, ನಾನು ಬದುಕಿರುವಾಗಲೇ ಮಾಡು ಎಂದ ಅಪ್ಪ. 23ರ ಹರೆಯದ ಮಗ ಅರ, ಉಳಿ, ಸುತ್ತಿಗೆ, ಅಪ್ಪ ಎತ್ತಿನ ಬಂಡಿಯಲ್ಲಿ ತಂದಿದ್ದ ಹಳೆಯ ಕಾಲ್ತುಳಿತದ ಲೇತ್ ಇಷ್ಟನ್ನೇ ಇಟ್ಟುಕೊಂಡು ಒಂದೇ ಈಡಿನ ರೈಫಲೊಂದನ್ನು ಕಡೆದೆಬ್ಬಿಸಿದ. 1879ರ ಅಕ್ಟೋಬರ್ 7ರಂದು ಅದಕ್ಕೆ ಪೇಟೆಂಟ್ ಬಂತು. ಅಪ್ಪ ಅದನ್ನು ನೋಡಲು ಇರಲಿಲ್ಲ. ಜೂನ್‌ನಲ್ಲೇ ತೀರಿಕೊಂಡಿದ್ದ.

ಅಣ್ಣತಮ್ಮಂದಿರು ಸೇರಿ ಕಾರ್ಖಾನೆ ಕಟ್ಟಿದರು. ಕಾರ್ಖಾನೆಯೆಂದರೆ 25 ಅಡಿ ಅಗಲ, 50 ಅಡಿ ಉದ್ದದ ಒಂದು ಕೋಣೆ. ಯಂತ್ರಗಳು ಬಂದು ಇಳಿದವು, ಅವನ್ನು ಕೂರಿಸಿ ನಡೆಸುವುದು ಹೇಗೆಂದು ಯಾರಿಗೂ ತಿಳಿಯದು. ಅದೃಷ್ಟ ಬಾಗಿಲಲ್ಲಿ ಬಂದು ನಿಂತದ್ದು ಆಗ. ಫ್ರಾಂಕ್ ರಶ್ಟನ್ ಎಂಬ ಇಂಗ್ಲಿಷ್ ಕೋವಿ ಕುಶಲಿ ದಾರಿಹೋಕನಂತೆ ಆ ಊರಿಗೆ ಬಂದವನು ಒಳಗೆ ಇಣುಕಿದ. ಇಣುಕಿದವನು ಅಲ್ಲೇ ಉಳಿದ. ಯಂತ್ರ ಕೂರಿಸಿದ, ಹುಡುಗರಿಗೆ ಕೈಕೆಲಸ ಕಲಿಸಿದ. ಮೂರ್ನಾಲ್ಕು ವರ್ಷದಲ್ಲಿ ಸುಮಾರು 600 ರೈಫಲುಗಳು ಆ ಕೋಣೆಯಿಂದ ಹೊರಬಿದ್ದವು. ಒಂದೇ ಬಗೆಯದನ್ನು ದಿನವೂ ಮಾಡುವುದು ಜಾನ್‌ಗೆ ಜೈಲಾಗಿತ್ತು. ಅವನ ತಲೆ ಅಪ್ಪನ ಐದು ಗುಂಡಿಯ ಪಟ್ಟಿಯ ಕಡೆಗೆ, ಎರಡನೆಯ ಈಡಿನ ಕಡೆಗೆ ಎಳೆಯುತ್ತಿತ್ತು.

ಬಿಡುಗಡೆ ತಂದದ್ದು ಒಂದು ಹಳೆಯ, ಯಾರೋ ಬಳಸಿ ಬಿಟ್ಟ ರೈಫಲ್. ಅದರ ಸಂಖ್ಯೆ 463. ನ್ಯೂ ಹೇವನ್‌ನ ವಿಂಚೆಸ್ಟರ್ ಕಂಪನಿಯ ಮಾರಾಟಗಾರ ಆಂಡ್ರ್ಯೂ ಮೆಕಾಸ್ಲ್ಯಾಂಡ್‌ನ ಕಣ್ಣಿಗೆ 1883ರಲ್ಲಿ ಅದು ಬಿತ್ತು. ಇಂಥದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ. ಕೊಂಡು ನೇರ ಕಂಪನಿಗೆ ಕಳಿಸಿದ. ಅಲ್ಲಿನ ಉಪಾಧ್ಯಕ್ಷ ಥಾಮಸ್ ಬೆನೆಟ್ ಅದನ್ನು ಒಮ್ಮೆ ಬಿಚ್ಚಿ ನೋಡಿ ಆಗ್ಡೆನ್‌ಗೆ ರೈಲು ಹತ್ತಿದ. ಆರು ದಿನದ ಪಯಣ. ಯಾವುದೋ ದೊಡ್ಡ ಕಾರ್ಖಾನೆಯನ್ನು ಹುಡುಕಿ ಬಂದವನಿಗೆ ಸಿಕ್ಕಿದ್ದು ಮಸಿ ಬಳಿದುಕೊಂಡ ಹುಡುಗರ ಗುಂಪು. ಜಾನ್ 10,000 ಡಾಲರ್ ಕೇಳಿದ, 8,000ಕ್ಕೆ ಮುಗಿಯಿತು. ಅದರ ಜೊತೆಗೆ, ಮುಂದೆ ಏನೇ ಕಂಡುಹಿಡಿದರೂ ಮೊದಲು ವಿಂಚೆಸ್ಟರ್‌ಗೇ ತೋರಿಸುವುದೆಂಬ ನಂಟೂ ಬೆಳೆಯಿತು. 463ನೆಯ ರೈಫಲಿನ ಒಡೆಯ ಅದನ್ನು ಮಾರದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ಈ ಕತೆ ಬೇರೆ ದಾರಿ ಹಿಡಿಯುತ್ತಿತ್ತು.

ಈ ಹೊತ್ತಿಗೆ ಎರಡನೆಯ ಈಡು ಕನಸಾಗಿ ಉಳಿದಿರಲಿಲ್ಲ. ಮದ್ದು, ಗುಂಡು, ಕಿಡಿ ಮೂರನ್ನೂ ಲೋಹದ ಒಂದೇ ಡಬ್ಬಿಯಲ್ಲಿ ಅಡಕಿಸಿದ ತೋಟಾ ಬಂದಿತ್ತು. ಟ್ರಿಗರಿನ ಕೆಳಗಿನ ಸನ್ನೆಯನ್ನು ಮುಂದಕ್ಕೆ ಒತ್ತಿ ಹಿಂದಕ್ಕೆ ಎಳೆದರೆ ಹೊಸ ತೋಟಾ ಏರುವ ವಿಂಚೆಸ್ಟರ್ ರೈಫಲುಗಳು ಎಲ್ಲೆಡೆ ಹಬ್ಬಿದ್ದವು. ಆದರೆ ಅದರಲ್ಲೊಂದು ಕಿರಿಕಿರಿ ಉಳಿದಿತ್ತು. ಸನ್ನೆ ಆಡಿಸಲು ಬಲಗೈ ಟ್ರಿಗರ್ ಬಿಟ್ಟು ಇಳಿಯಬೇಕು, ಇಳಿದಾಗ ನಳಿಗೆ ಅಲುಗುತ್ತದೆ, ಹಿಡಿದ ಗುರಿ ಜಾರುತ್ತದೆ. ಹಾಗಾದರೆ ನಳಿಗೆಯ ಕೆಳಗೆ ಸುಮ್ಮನೆ ಆತುಕೊಂಡಿರುವ ಎಡಗೈಗೇ ಆ ಕೆಲಸ ಕೊಟ್ಟರೆ? 1854ರಲ್ಲೇ ಬ್ರಿಟನ್ನಿನ ಅಲೆಕ್ಸಾಂಡರ್ ಬೇನ್ ಇಂಥ ಯೋಚನೆಗೆ ಪೇಟೆಂಟ್ ಪಡೆದಿದ್ದ. ಅದು ಕಾಗದದಲ್ಲೇ ಉಳಿಯಿತು. 1882ರಲ್ಲಿ ಕ್ರಿಸ್ಟೋಫರ್ ಸ್ಪೆನ್ಸರ್ ಎಡಗೈಯಿಂದ ಎಳೆದು ತಳ್ಳುವ ಚರೆಕೋವಿಯೊಂದನ್ನು ಮಾರುಕಟ್ಟೆಗೆ ತಂದ. ನೀರೆತ್ತುವ ಕೈಪಂಪನ್ನು ಆಡಿಸಿದಂತೆಯೇ ಇದ್ದುದರಿಂದ ಈ ಬಗೆಯ ಕೋವಿಗೆ ಪಂಪ್ ಎಂಬ ಹೆಸರು ಅಂಟಿತು.

ರೈಫಲಿಗೆ ಅದನ್ನು ಒಗ್ಗಿಸಿದ್ದು ಕೋಲ್ಟ್ ಕಂಪನಿ. ಅದರ ಹಿಂದೆಯೂ ಒಂದು ಜಗಳದ ಕತೆಯಿದೆ. ಪಿಸ್ತೂಲಿಗೆ ಹೆಸರಾದ ಕೋಲ್ಟ್ 1883ರಲ್ಲಿ ಸನ್ನೆಯ ರೈಫಲ್ ಮಾಡಹೊರಟು ವಿಂಚೆಸ್ಟರಿನ ಅಂಗಳಕ್ಕೆ ಕಾಲಿಟ್ಟಿತು. ಹಾಗಿದ್ದರೆ ನಾವೂ ಪಿಸ್ತೂಲು ಮಾಡುತ್ತೇವೆ ಎಂದು ವಿಂಚೆಸ್ಟರಿನವರು ಮಾದರಿಗಳನ್ನು ಹೊತ್ತು ತಂದು ತೋರಿಸಿದರಂತೆ, ಇಬ್ಬರೂ ಕೈಕುಲುಕಿ ಹಿಂದೆ ಸರಿದರಂತೆ. ಸುಮಾರು 6,400 ಮಾಡಿದ ಮೇಲೆ ಕೋಲ್ಟ್ ಆ ರೈಫಲನ್ನು ನಿಲ್ಲಿಸಿದ್ದಂತೂ ನಿಜ. ಆದರೆ ಪಂಪ್ ರೈಫಲಿಗೆ ಯಾವ ಮಾತೂ ಅಡ್ಡಿಯಿರಲಿಲ್ಲ. ವಿಲಿಯಂ ಎಲಿಯಟ್ ರೂಪಿಸಿದ ‘ಲೈಟ್ನಿಂಗ್’ 1884ರಲ್ಲಿ ಹೊರಬಂತು. 1887ರಲ್ಲಿ ಅದರ ತಮ್ಮನಂಥ ಸಣ್ಣ .22 ಪಂಪ್ ರೈಫಲ್ ಬಂತು. ವಿಂಚೆಸ್ಟರಿನವರಿಗೆ ಕಾಲಡಿಯ ನೆಲ ಬಿಸಿಯಾಯಿತು.

.22 ಎಂದರೆ ಐದೂವರೆ ಮಿಲಿಮೀಟರಿನ ನಳಿಗೆ, ಶೇಂಗಾಬೀಜದಷ್ಟು ಉದ್ದದ ತೋಟಾ. ಪ್ಯಾರಿಸ್ಸಿನ ಫ್ಲೋಬರ್ 1845ರಲ್ಲಿ ಮನೆಯೊಳಗೆ ಗುರಿಯಾಟ ಆಡಲೆಂದು ಮಾಡಿದ ಪುಟ್ಟ ತೋಟಾದಿಂದ ಹುಟ್ಟಿದ ವಂಶ ಅದು. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಅದಕ್ಕೆ ಈಗಿನ ರೂಪ ಕೊಟ್ಟರು. ಸದ್ದು ಸಣ್ಣದು, ಬೆಲೆ ಅಗ್ಗ, ಹೊಲದ ಹುಡುಗನ ಜೇಬಿಗೂ ಎಟಕುವಂಥದ್ದು. ಆದರೆ ಆ ಕಿರಿದುತನವೇ ಯಂತ್ರಕ್ಕೆ ಶತ್ರು. ಹೆಬ್ಬೆರಳು ಗಾತ್ರದ ತೋಟಾ ತಪ್ಪಿದರೂ ತಿದ್ದಿಕೊಂಡು ನಳಿಗೆಗೆ ಹೋದೀತು. ಈ ಮೆತ್ತನೆ ಸೀಸದ ಮೂತಿ ಕೂದಲೆಳೆಯಷ್ಟು ಓರೆಯಾದರೂ ಅಂಚಿಗೆ ಬಡಿದು ಸಿಕ್ಕಿಕೊಳ್ಳುತ್ತದೆ. ವಿಂಚೆಸ್ಟರ್ ತನ್ನ ಹೆಸರಾಂತ 1873ರ ಮಾದರಿಯನ್ನೇ .22ಕ್ಕೆ ಇಳಿಸಿ 1884ರಲ್ಲಿ ಮಾರಿ ನೋಡಿತು. ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಸಾವಿರವೂ ಹೋಗಲಿಲ್ಲ. ಆನೆಯ ಅಂಬಾರಿಯನ್ನು ಮೇಕೆಗೆ ಹೊರಿಸಿದಂತಾಗಿತ್ತು.

ಜಾನ್ ನಕ್ಷೆಯ ಮನುಷ್ಯನಾಗಿರಲಿಲ್ಲ. ಕಾಗದದ ಮೇಲೆ ನಾಲ್ಕು ಗೀಟು ಎಳೆದು, ತಗಡು ಕತ್ತರಿಸಿ, ಕುಲುಮೆಯಲ್ಲೇ ಯೋಚಿಸುವವನು. ಈ ಸಲ ಮಾತ್ರ, .22 ಪಂಪ್ ರೈಫಲಿನ ಯೋಚನೆ ತಲೆಯಲ್ಲಿ ಪೂರ್ತಿ ಕೂಡಿಕೊಂಡಾಗ, ಮಾದರಿ ಮಾಡುವ ಮೊದಲೇ ಚಿತ್ರ ಬರೆದು ನ್ಯೂ ಹೇವನ್‌ಗೆ ಕಳಿಸಿದ. ಅಲ್ಲಿನ ಪರಿಣತರು ನೋಡಿದರು, ತಲೆಯಾಡಿಸಿದರು. ಇದು ನಡೆಯುವಂಥದ್ದಲ್ಲ, ಇದರ ಮೇಲೆ ಹೊತ್ತು ಹಾಳುಮಾಡಬೇಡಿ ಎಂದು ಉತ್ತರ ಬಂತು.

ಅಷ್ಟು ವರ್ಷಗಳ ನಂಟಿನಲ್ಲಿ ಅಂಥ ಮಾತು ಅವನಿಗೆ ಹೊಸದು. ಓದಿದ ಜಾನ್ ಜಗಳಕ್ಕೆ ಕೂರಲಿಲ್ಲ. ಉಕ್ಕಿನ ತುಂಡು ಎತ್ತಿಕೊಂಡ. ತಮ್ಮ ಎಡ್‌ನ ಕೈ ಅರದಲ್ಲಿ ಪಳಗಿತ್ತು. ಅಣ್ಣ ಹೇಳಿದ ಆಕಾರ ತಮ್ಮನ ಕೈಯಲ್ಲಿ ಮೂಡುತ್ತಿತ್ತು. ತೋಟಾ ಎತ್ತುವ ತೊಟ್ಟಿಲಿನಂಥ ತುಂಡು ಇಡೀ ಯಂತ್ರದ ಪ್ರಾಣ. ಅದು ಒಂದೇ ತೋಟಾ ಹಿಡಿಯಬೇಕು, ಎರಡನ್ನು ಎಂದೂ ಹಿಡಿಯಬಾರದು. ಉದ್ದ ಒಂದಿಷ್ಟು ಹೆಚ್ಚಾದರೆ ಹಿಂದಿನ ತೋಟಾದ ಮೂತಿ ನುಗ್ಗುತ್ತದೆ, ಕಡಿಮೆಯಾದರೆ ಇದರ ಬಾಲವೇ ಸಿಕ್ಕುತ್ತದೆ. ಉಜ್ಜಿದ್ದು, ಕೂರಿಸಿದ್ದು, ಬಿಚ್ಚಿದ್ದು, ಮತ್ತೆ ಉಜ್ಜಿದ್ದು. ಕೊನೆಗೆ ರೈಫಲ್ ಗಂಟಲು ಸಿಕ್ಕದೆ ಉಂಡು ಉಗುಳತೊಡಗಿತು. ಅದನ್ನು ಪೆಟ್ಟಿಗೆಯಲ್ಲಿಟ್ಟು ವಿಂಚೆಸ್ಟರ್‌ಗೆ ಕಳಿಸಿದರು. ನಡೆಯುವುದಿಲ್ಲ ಎಂದಿದ್ದಿರಿ, ಆದರೆ ನನ್ನ ಕೈಯಲ್ಲಿ ತಕ್ಕಮಟ್ಟಿಗೆ ಚೆನ್ನಾಗಿಯೇ ಹೊಡೆಯುತ್ತಿದೆ ಎಂಬ ಅರ್ಥದ ಒಂದು ಸಾಲಿನ ಚೀಟಿ ಜೊತೆಗಿತ್ತೆಂದು ಮನೆತನದ ನೆನಪು. ಕಂಪನಿ ಮರುಮಾತಿಲ್ಲದೆ ಕೊಂಡುಕೊಂಡಿತು.

ಕತೆಯ ಬೆರಗಿನ ತಿರುವು ಇನ್ನೊಂದಿದೆ. 1887ರ ವಸಂತದಲ್ಲಿ, ಕೀರ್ತಿ ಏರುತ್ತಿದ್ದ ಹೊತ್ತಿನಲ್ಲೇ, ಪಂಥದ ಹಿರಿಯರು ಜಾನ್‌ನನ್ನು ಧರ್ಮ ಸಾರಲು ದಕ್ಷಿಣದ ರಾಜ್ಯಗಳಿಗೆ ಕಳಿಸಿದರು. ಎರಡು ವರ್ಷ ಕುಲುಮೆಯಿಲ್ಲ, ಅರವಿಲ್ಲ. ಧೂಳು ತುಳಿಯುತ್ತ ಹಳ್ಳಿಯಿಂದ ಹಳ್ಳಿಗೆ ನಡಿಗೆ. ಒಂದು ಊರಿನ ಅಂಗಡಿಯ ಕಿಟಕಿಯಲ್ಲಿ ಅವನಿಗೆ ತನ್ನದೇ ಕೋವಿ ಕಂಡಿತು. ತಾನು ಊರಿನಲ್ಲಿದ್ದಾಗ ಮಾರಿದ್ದ ಸನ್ನೆಯ ಚರೆಕೋವಿ, ಈಗ 1887ರ ಮಾದರಿಯೆಂಬ ಹೆಸರು ಹೊತ್ತು ಥಳಥಳಿಸುತ್ತಿತ್ತು. ಒಳಗೆ ಹೋಗಿ ಕೈಗೆತ್ತಿಕೊಂಡು ಆಡಿಸಿದ. ಕೊಳೆಬಟ್ಟೆಯ ಅಲೆಮಾರಿಗೆ ಕೋವಿಯ ಮೇಲೆ ಇಷ್ಟು ಹಿಡಿತವೇ ಎಂದು ಅಂಗಡಿಯವ ಬೆರಗಾದ. ಇದನ್ನು ಕಂಡುಹಿಡಿದವನೇ ಇವನು ಎಂದು ಜೊತೆಗಾರ ಹೇಳಿದನಂತೆ. ಅಂಗಡಿಯವ ಅದನ್ನು ನಂಬಿದಂತೆ ಕಾಣಲಿಲ್ಲವಂತೆ. ಹೀಗೆ ಅವನು ಊರೂರು ಅಲೆಯುತ್ತಿದ್ದಾಗಲೇ, 1888ರ ಜೂನ್ 26ರಂದು, ‘ನಡೆಯದ’ ಪಂಪ್ ರೈಫಲಿಗೆ 3,85,238ನೆಯ ಸಂಖ್ಯೆಯ ಪೇಟೆಂಟ್ ಬಂತು. ಅದರ ಮೇಲೆ ಎರಡು ಹೆಸರುಗಳಿದ್ದವು: ಜಾನ್ ಮತ್ತು ಮ್ಯಾಟ್. ಕೋವಿ ಹಿಡಿದವನು, ಕೆಂಡ ಹಿಡಿದವನು.

1890ರಲ್ಲಿ ರೈಫಲ್ ಮಾರುಕಟ್ಟೆಗೆ ಬಂತು. ಎಂಟು ಮೂಲೆಯ 24 ಅಂಗುಲದ ನಳಿಗೆ, ಹೊರಗೆ ಕಾಣುವ ಕುದುರೆ, ನಳಿಗೆಯ ಕೆಳಗಿನ ಕೊಳವೆಯಲ್ಲಿ ಗಿಡ್ಡ ತೋಟಾ ಆದರೆ 15. ಮೊದಮೊದಲಿನ ರೈಫಲುಗಳನ್ನು ಎರಡಾಗಿ ಬಿಚ್ಚಲು ಬರುತ್ತಿರಲಿಲ್ಲ. ಕಪ್ಪು ಮದ್ದಿನ ಮಸಿ ಕಟ್ಟಿದರೆ ತೊಳೆಯುವುದು ತಲೆನೋವು. ಎರಡೇ ವರ್ಷದಲ್ಲಿ ಒಂದು ತಿರುಪು ಸಡಿಲಿಸಿದರೆ ಎರಡು ಹೋಳಾಗುವಂತೆ ತಿದ್ದಿದರು. ಒಂದು ರೈಫಲಿಗೆ ಒಂದೇ ಬಗೆಯ ತೋಟಾ ಎಂಬ ಕಟ್ಟುಪಾಡು ಮಾತ್ರ ಉಳಿಯಿತು. ಆ ತೊಟ್ಟಿಲಿನ ಅಳತೆ ಅಷ್ಟು ಖಡಾಖಂಡಿತವಾಗಿತ್ತು. ಅದನ್ನು ಸಡಿಲಿಸಲು 1906ರ ಅಗ್ಗದ ಮಾದರಿಯೇ ಬರಬೇಕಾಯಿತು. 1932ರಲ್ಲಿ ತಯಾರಿ ನಿಲ್ಲುವವರೆಗೆ ಏಳೂವರೆ ಲಕ್ಷಕ್ಕೂ ಮಿಕ್ಕಿ 1890ರ ರೈಫಲುಗಳು ಹೊರಬಂದವು. ಕೋಲ್ಟ್‌ನ ‘ಲೈಟ್ನಿಂಗ್’ 1904ರಲ್ಲೇ ಕಣ್ಮುಚ್ಚಿತ್ತು.

ಆ ರೈಫಲ್ ಮೆರೆದದ್ದು ಕಾಡಿನಲ್ಲಿ ಅಲ್ಲ, ಜಾತ್ರೆಯಲ್ಲಿ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಹರಿಯಬ್ಬೆಯ ಹುಡುಗನೊಬ್ಬ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತಾಗ, ಗಾಳಿಕೋವಿಯ ನಳಿಗೆ ಮಡಚಿ, ಚರೆ ಇಟ್ಟು, ಮತ್ತೆ ನೆಟ್ಟಗೆ ಮಾಡಿ, ಒಂದೇ ಸಲ ಹೊಡೆಯುತ್ತಾನೆ. ಮತ್ತೊಂದು ಬಲೂನಿಗೆ ಮತ್ತೆ ಮಡಚಬೇಕು. ಅಮೆರಿಕದ ಜಾತ್ರೆಗಳಲ್ಲಿ ಅದೇ ಜಾಗದಲ್ಲಿ 1890ರ ವಿಂಚೆಸ್ಟರ್ ಇತ್ತು. ತಗಡಿನ ಬಾತುಕೋಳಿಗಳು ಸಾಲಾಗಿ ಹರಿದುಹೋಗುತ್ತಿದ್ದವು, ಹುಡುಗರು ಚಟಪಟನೆ ಪಂಪ್ ಎಳೆಯುತ್ತ ಒಂದರ ಹಿಂದೊಂದನ್ನು ಮಗುಚುತ್ತಿದ್ದರು. ದಿನವಿಡೀ ಸಾವಿರಾರು ಕೈಗಳ ಒರಟುತನ ತಾಳಿಕೊಂಡ ಆ ರೈಫಲುಗಳನ್ನು ಜನ ಅಲ್ಲಿ ಗ್ಯಾಲರಿ ಕೋವಿ ಎಂದೇ ಕರೆದರು. ನಡೆಯುವುದಿಲ್ಲ ಎಂದ ಪರಿಣತರಿಗೆ ಇದಕ್ಕಿಂತ ಕಟುವಾದ ಪರೀಕ್ಷೆಯನ್ನು ಯಾರೂ ಒಡ್ಡಲಾರರು.

ವಿಂಚೆಸ್ಟರ್ ಜೊತೆಗಿನ ನಂಟು 1902ರಲ್ಲಿ ಮುರಿಯಿತು. ಆ ಹೊತ್ತಿಗೆ ಜಾನ್ ಅವರಿಗೆ 40ಕ್ಕೂ ಹೆಚ್ಚು ವಿನ್ಯಾಸ ಮಾರಿದ್ದ. ಬೇರೆಯವರ ಕೈಸೇರದಿರಲೆಂದೇ ಕೊಂಡು ಕಪಾಟಿನಲ್ಲಿಟ್ಟವು ಹಲವು. ಅವನ ಕೈಯ ಇನ್ನೊಂದು ರೈಫಲನ್ನು ಕನ್ನಡದ ಓದುಗರು ತಿಳಿಯದೆಯೇ ಬಲ್ಲರು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಮನೆಮನೆಗೂ ಬಂದ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೊತ್ತು ತಿರುಗಿದ .405 ವಿಂಚೆಸ್ಟರ್ 1895ರ ಮಾದರಿ, ಜಾನ್ ಬ್ರೌನಿಂಗನ ವಿನ್ಯಾಸ. ಅದು ಸನ್ನೆಯ ರೈಫಲ್, ಪಂಪ್ ಅಲ್ಲ. 1926ರ ನವೆಂಬರ್ 26ರಂದು ಬೆಲ್ಜಿಯಂನ ಲಿಯೇಜ್‌ನಲ್ಲಿ, ಹೊಸದೊಂದು ಕೋವಿಯ ಕೆಲಸಕ್ಕೆಂದು ಹೋಗಿದ್ದಾಗ, ಎದೆನೋವು ಬಂದು ಜಾನ್ ತೀರಿಕೊಂಡ. ಅವನ ಹೆಸರಿನಲ್ಲಿ 128 ಪೇಟೆಂಟ್‌ಗಳಿದ್ದವು.

ಪರಿಣತರು ಕಾಗದದ ಮೇಲೆ ಕಾಣಲಾರದೆ ಹೋದದ್ದು ಇಷ್ಟೇ. ಎಡಗೈಯ ಹಿಡಿಯನ್ನು ಹಿಂದಕ್ಕೆ ಎಳೆದಾಗ, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್‌ನ ಬೀಗ ಬಿಚ್ಚುತ್ತದೆ, ಅದು ಹಿಂದೆ ಸರಿಯುತ್ತ ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯುತ್ತದೆ, ಕುದುರೆಯನ್ನೂ ಬಗ್ಗಿಸಿ ನಿಲ್ಲಿಸುತ್ತದೆ. ಅಷ್ಟರಲ್ಲಿ ತೊಟ್ಟಿಲು ಒಂದು ತೋಟಾವನ್ನು ಕೆಳಗಿನ ಕೊಳವೆಯಿಂದ ನಳಿಗೆಯ ಮಟ್ಟಕ್ಕೆ ನೆಟ್ಟಗೆ ಎತ್ತಿ ಹಿಡಿಯುತ್ತದೆ. ಸೀಸದ ಮೂತಿ ಅಲ್ಲಾಡಲು ಜಾಗವೇ ಇಲ್ಲ. ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಬೋಲ್ಟ್ ಆ ತೋಟಾವನ್ನು ನಳಿಗೆಗೆ ನೂಕಿ, ಚೌಕಟ್ಟಿಗೆ ಕಚ್ಚಿಕೊಂಡು ಬೀಗ ಬೀಳುತ್ತದೆ. ಹೋಗಿಬರುವ ಒಂದೇ ಚಲನೆಯಲ್ಲಿ ಇಷ್ಟೆಲ್ಲ ಕೆಲಸ. ಬಲಗೈ ಟ್ರಿಗರಿನಿಂದ, ಕಣ್ಣು ಗುರಿಯಿಂದ ಕದಲುವುದೇ ಇಲ್ಲ. ಆಗ್ಡೆನ್‌ನ ಬಯಲಿನಲ್ಲಿ ಅಣ್ಣ ಗುರಿ ಹಿಡಿದು ನಿಂತಾಗ ಪಕ್ಕದಲ್ಲಿ ಕೆಂಡದ ಡಬ್ಬಿ ಬೀಸುತ್ತ ನಿಂತಿದ್ದ ತಮ್ಮನ ಕೆಲಸವನ್ನು ಈಗ ಗುರಿ ಹಿಡಿದವನ ಎಡಗೈಯೇ ಮಾಡುತ್ತಿತ್ತು.